ಮೇಷ್ಟ್ರು ಯಾಕೆ ನಿಲ್ಲೋದಿಲ್ಲ?

ಪ್ರಶ್ನೆ: ಟೀಚರ್, ಮಗಳ ಮನೆಗೆಂದು ಅಮೆರಿಕದ ಷಿಕಾಗೋಗೆ ಹೋಗಿ ಬಂದೆ. ಅಲ್ಲಿ ಕಪ್ಪು ಜನರ ಮಕ್ಕಳೇ ಜಾಸ್ತಿ ಇರುವ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರುಗಳು ನಿಲ್ಲುವುದೇ ಇಲ್ಲವಂತೆ. "ಆ ಮಕ್ಕಳನ್ನು ಯಾರು ಸುಧಾರಿಸ್ತಾರೆ" ಅಂತ ಅಳಿಯನ ಸ್ನೇಹಿತರು ಅಂದರು. ಇದು ನಿಜವೇ? ನಮ್ಮೂರ ಶಾಲೆಯಲ್ಲೂ ಯಾರೂ ನಿಲ್ಲುವುದಿಲ್ಲ. ಆದರೆ ನಮ್ಮ ಮಕ್ಕಳು ಬಾಯಿ ಬಿಡುವುದೇ ಕಷ್ಟ!
— ಓದುಗರು, ಸಾಗರ ತಾಲ್ಲೂಕು

ಉತ್ತರ: ಅರ್ಧ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ ಅಕ್ಕಾ. ಮಕ್ಕಳು ಗಲಾಟೆ ಮಾಡಿದರೂ ಮೇಷ್ಟ್ರು ಹೋಗುತ್ತಾರೆ, ಮಾಡದಿದ್ದರೂ ಹೋಗುತ್ತಾರೆ. ಹಾಗಾದರೆ ಕಾರಣವನ್ನು ಮಕ್ಕಳ ಮೈಬಣ್ಣದಲ್ಲಿ ಹುಡುಕುವುದು ಎಷ್ಟು ಸರಿ?

ನೀವು ಹೋಗಿ ಬಂದ ಷಿಕಾಗೋದಲ್ಲೇ ಇದನ್ನು ಅಧ್ಯಯನ ಮಾಡಿದ್ದಾರೆ. ಅಲ್ಲಿನ ವಿಶ್ವವಿದ್ಯಾಲಯದವರು 2009ರಲ್ಲಿ ವರದಿ ಕೊಟ್ಟರು. ನಗರದ ಸುಮಾರು 100 ಶಾಲೆಗಳಲ್ಲಿ ಪ್ರತಿವರ್ಷ ನಾಲ್ಕರಲ್ಲಿ ಒಬ್ಬರಾದರೂ ಬಿಟ್ಟು ಹೋಗುತ್ತಿದ್ದರು. ಅವುಗಳಲ್ಲಿ ಅನೇಕವು ಬಡ ಕಪ್ಪು ಮಕ್ಕಳೇ ಜಾಸ್ತಿ ಇರುವ ಶಾಲೆಗಳು. ಆದರೆ ಮುಖ್ಯಸ್ಥರ ಮೇಲೆ ನಂಬಿಕೆ, ಸಹೋದ್ಯೋಗಿಗಳ ಹೊಂದಾಣಿಕೆ, ಪೋಷಕರ ಒಡನಾಟ, ಶಾಲೆಯೊಳಗೆ ಶಿಸ್ತು, ಇಷ್ಟು ಇದ್ದ ಕಡೆ ಶಿಕ್ಷಕರು ಉಳಿಯುತ್ತಿದ್ದರು. ಅಳಿಯನ ಸ್ನೇಹಿತರಿಗೆ ಇದನ್ನು ದಯವಿಟ್ಟು ಹೇಳಿ.

ಇವೆಲ್ಲ ಕೆಲವು ಕಡೆ ಮಾತ್ರ ಯಾಕೆ ಇರುವುದಿಲ್ಲ? ಅದು ಹಳೇ ಕಥೆ. 1930ರ ದಶಕದಲ್ಲಿ ಅಲ್ಲಿನ ಒಂದು ಸರ್ಕಾರಿ ಸಂಸ್ಥೆ ನಗರಗಳ ನಕ್ಷೆ ಮಾಡಿಸಿತು. ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದರು. ಅಲ್ಲಿಗೆ ಸಾಲ ಕೊಟ್ಟರೆ ಅಪಾಯ ಅಂತ ಅರ್ಥ. ಅಂಥ ಕಡೆ ಮನೆಸಾಲ ಸಿಗುವುದು ಕಷ್ಟವಾಯಿತು, ಮನೆಗಳಿಗೆ ಬೆಲೆ ಬರಲಿಲ್ಲ. ಅಮೆರಿಕದಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಗೆ ಬೆಲೆ ಇಲ್ಲದ ಊರಿಗೆ ತೆರಿಗೆ ಎಲ್ಲಿಂದ ಬರಬೇಕು? ಟೆಕ್ಸಸ್‌ನ ಪೋಷಕರು ಇದು ಅನ್ಯಾಯ ಅಂತ ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಹತ್ತಿರದ ಶ್ರೀಮಂತ ಉಪನಗರದ ಶಾಲೆ ಜಾಸ್ತಿ ಸಂಬಳ ಕೊಟ್ಟು ಕರೆದರೆ, ನಾಲ್ಕು ವರ್ಷ ಅನುಭವ ಆದ ಟೀಚರ್ ಹೋಗದೆ ಇರುತ್ತಾರಾ?

ಇನ್ನೊಂದು ವಿಷಯ ನೆನೆದರೆ ನನಗೆ ಸಂಕಟ ಆಗುತ್ತದೆ. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಎಂದಿತು. ಒಳ್ಳೆಯ ತೀರ್ಪು. ಆದರೆ ಶಾಲೆಗಳು ಒಂದಾದಾಗ ದಕ್ಷಿಣದ ರಾಜ್ಯಗಳಲ್ಲಿ ಸಾವಿರಾರು ಕಪ್ಪು ಶಿಕ್ಷಕರ ಕೆಲಸವನ್ನೇ ತೆಗೆದರು. ಆ ಕೇರಿಯಲ್ಲೇ ಹುಟ್ಟಿ, ಆ ಮಕ್ಕಳ ಅಪ್ಪ ಅಮ್ಮನನ್ನು ಬಲ್ಲವರು ಅವರು. ಇವತ್ತಿಗೂ ಅಮೆರಿಕದ ಸರ್ಕಾರಿ ಶಾಲೆಗಳ ಶಿಕ್ಷಕರಲ್ಲಿ ಶೇ. 80ರಷ್ಟು ಬಿಳಿಯರು. ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಳಿಯರಲ್ಲದವರು.

ಇನ್ನು ನಮ್ಮ ಕಡೆಗೆ ಬರೋಣ. ಶರಾವತಿ ಹಿನ್ನೀರಿನ ಆಚೆ ನಾನು ಪಾಠ ಮಾಡಿದವಳು. ಆಗ ಹಿನ್ನೀರು ದಾಟಿಸುವ ಲಾಂಚ್ (ಯಂತ್ರದ ದೋಣಿ) ತಪ್ಪಿದರೆ ಆ ದಿನದ ಕೆಲಸ ಕೆಟ್ಟ ಹಾಗೇ ಇತ್ತು. ನಮ್ಮದು ಬಣ್ಣದ ಜಗಳ ಅಲ್ಲ, ಎರಡನ್ನೂ ಒಂದೇ ಅನ್ನಲಾರೆ. ಆದರೆ ಕಡೆಗೆ ಆ ಶಾಲೆಯಲ್ಲಿ ಉಳಿಯುವ ಮಕ್ಕಳು ಯಾರು ಅಂತ ನೋಡಿ. ಅಡಿಕೆ ತೋಟ ಇದ್ದವರ ಮಕ್ಕಳು ವ್ಯಾನ್ ಹತ್ತಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಾರೆ. ಅದೇ ತೋಟಕ್ಕೆ ಕೂಲಿಗೆ ಬರುವವರ ಮಕ್ಕಳು, ದಲಿತ ಕೇರಿಯ ಮಕ್ಕಳು ನಮ್ಮ ಹತ್ತಿರ ಉಳಿಯುತ್ತಾರೆ. ವರ್ಗಾವಣೆ ಕಾಯ್ದೆಯಲ್ಲಿ ಎ, ಬಿ, ಸಿ ವಲಯ ಅಂತ ಇದೆಯಲ್ಲ, ಪೇಟೆಯಿಂದ ದೂರದ ಶಾಲೆಗಳೆಲ್ಲ ಸಿ ವಲಯ. ವರ್ಗಾವಣೆಗೆ ಜಾಗ ಆರಿಸುವ ಕೌನ್ಸೆಲಿಂಗ್ ಬಂತು ಅಂದರೆ ಎಲ್ಲರ ಕಣ್ಣೂ ಪೇಟೆ ಕಡೆಗೇ.

ಅದರ ಪೆಟ್ಟು ಎಲ್ಲಿ ಬೀಳುತ್ತದೆ ಗೊತ್ತೇ? ನಾಲ್ಕನೇ ಕ್ಲಾಸಿನ ಒಂದು ಹುಡುಗಿಯ ಕನ್ನಡ ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲ ನಾಲ್ಕು ಪಾಠದ ಹಾಳೆಗಳು ಮೂಲೆ ಹರಿದು, ಕೈಬೆರಳಿನ ಎಣ್ಣೆ ಹಿಡಿದು ಕಂದಾಗಿದ್ದವು. ಹಿಂದಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಬಂದ ಬಂದ ಟೀಚರೆಲ್ಲ ಮೊದಲಿಂದ ಶುರು ಮಾಡಿದ್ದರು. ಕಳೆಯುವ ಲೆಕ್ಕದಲ್ಲಿ ಪಕ್ಕದ ಮನೆಯಿಂದ ಹತ್ತು ತರುವುದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಟ್ಟು, ಆ ಮಗು ಪೆನ್ಸಿಲ್ ಹಿಡಿದು ಸುಮ್ನೆ ಕೂತುಬಿಡುತ್ತಿತ್ತು. ಅವಳು ದಡ್ಡಿ ಅಲ್ಲ. ನ್ಯೂಯಾರ್ಕ್ ನಗರದ ನಾಲ್ಕು, ಐದನೇ ಕ್ಲಾಸಿನ ಮಕ್ಕಳ ಬಗ್ಗೆ 2013ರಲ್ಲಿ ಬಂದ ಅಧ್ಯಯನವೂ ಇದನ್ನೇ ತೋರಿಸಿತು. ಶಿಕ್ಷಕರು ಹೆಚ್ಚು ಬದಲಾದಷ್ಟೂ ಮಕ್ಕಳ ಕಲಿಕೆ ಕುಗ್ಗುತ್ತದೆ. ಕಪ್ಪು ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ಇನ್ನೂ ಜಾಸ್ತಿ. ತಮ್ಮ ಟೀಚರ್ ಬಿಟ್ಟು ಹೋಗದಿದ್ದ ಮಕ್ಕಳಿಗೂ ಪೆಟ್ಟು ತಪ್ಪಿರಲಿಲ್ಲ.

ನೀವು ಏನು ಮಾಡಬಹುದು? ಹೊಸ ಟೀಚರ್ ಬಂದರೆ ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಮೊದಲು ಒಂದು ಬಾಡಿಗೆ ಮನೆ ಹುಡುಕಿಕೊಡಿ. ಮಳೆಗಾಲದಲ್ಲಿ ಒಬ್ಬಳೇ ಹೆಣ್ಣುಮಗಳು, ಕರೆಂಟಿಲ್ಲ, ಸಂಜೆ ಬಸ್ಸಿಲ್ಲ ಅಂದರೆ ಹೇಗೆ ನಿಂತಾಳು? ಆದರೆ ಊರಿನವರು ಎಷ್ಟೇ ಮಾಡಿದರೂ ಅದು ಸರ್ಕಾರದ ಕೆಲಸಕ್ಕೆ ಬದಲಿ ಅಲ್ಲ. ದೂರದ ಊರಲ್ಲಿ ನಿಂತವರಿಗೆ ವಸತಿ ಮತ್ತು ಹೆಚ್ಚುವರಿ ಭತ್ಯೆ ಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಶಾಸಕರಿಗೆ ಬರೆಯುತ್ತಲೇ ಇರಿ.

ಪ್ರಶ್ನೆ: ಹೊಸನಗರ ತಾಲ್ಲೂಕಿನ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ ಆಗಿದ್ದೇನೆ. ಪೇಟೆಯ ಖಾಸಗಿ ಶಾಲೆಯಿಂದ ಕರೆ ಬಂದಿದೆ. ಹೋದರೆ ಮಕ್ಕಳಿಗೆ ದ್ರೋಹ ಮಾಡಿದ ಹಾಗೆ ಆಗುತ್ತದೆಯೇ?

ಉತ್ತರ: ಇಲ್ಲ ತಂಗಿ, ಹೋಗು. ಗೌರವಧನ ಕೈಗೆ ಬರಲು ತಿಂಗಳುಗಟ್ಟಲೆ ಕಾಯುವವಳನ್ನು ದ್ರೋಹಿ ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಆದಷ್ಟೂ ಪರೀಕ್ಷೆ ಮುಗಿಸಿ ಹೋಗು. ಹೋಗುವ ಮೊದಲು ಒಂದು ನೋಟ್‌ಬುಕ್ ಮಾಡು, ಮಗುವಿಗೆ ಒಂದು ಪುಟ. ಯಾರು ಒತ್ತಕ್ಷರದಲ್ಲಿ ತಡವರಿಸುತ್ತಾರೆ, ಯಾರಿಗೆ ಬೋರ್ಡ್ ಕಾಣುವುದಿಲ್ಲ, ಯಾರಿಗೆ ಗದರಿದರೆ ಮಾತೇ ನಿಂತುಹೋಗುತ್ತದೆ, ಎಲ್ಲ ಬರೆ. ಮುಂದೆ ಬರುವವರು ಅಲ್ಲಿಂದ ಶುರು ಮಾಡಲಿ. ಒಂದು ಪ್ರತಿ ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರವೂ ಇರಲಿ. ಮುಖ್ಯ ಶಿಕ್ಷಕರಿಗೂ ವರ್ಗ ಆಗಬಹುದು.