ಒಳಗೆ ಏನು ಉಳಿಸ್ತೀರಿ ಅಂತ ಕೇಳಿ

ಚನ್ನಗಿರಿ ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಮ್ಮಕ್ಕನಿಗೆ 44 ವರ್ಷ. ಮುಟ್ಟಾದರೆ ಹತ್ತು ದಿನವಾದರೂ ನಿಲ್ಲುವುದಿಲ್ಲ. ಗರ್ಭಕೋಶದಲ್ಲಿ ಗಡ್ಡೆಗಳಿವೆ, ನಾಲ್ಕು ತಿಂಗಳ ಬಸಿರಿನಷ್ಟು ಊದಿದೆ, ಹೊಟ್ಟೆ ಕೊಯ್ದೇ ತೆಗೀಬೇಕು ಅಂದಿದ್ದಾರೆ. ಈ ಕಾಲದಲ್ಲೂ ಹೊಟ್ಟೆ ಕೊಯ್ಯೋದಾ ಅಂತ ಎಲ್ಲರೂ ಹೆದರಿಸ್ತಾರೆ. ಹೇಗೂ ಹೊಟ್ಟೆ ತೆರೀತಾರೆ, ಅಂಡಾಶಯಾನೂ ತೆಗೆಸಿಬಿಡಿ, ಮುಂದೆ ಕ್ಯಾನ್ಸರ್ ಚಿಂತೆ ಇರಲ್ಲ ಅಂತ ಸಂಬಂಧಿಕರೊಬ್ಬರು ಹೇಳ್ತಾರೆ. ಏನು ಮಾಡೋಣ?"

ತಂಗೀ, ನಿಮ್ಮ ಪತ್ರ ಓದಿ ನಮ್ಮ ದೊಡ್ಡಮ್ಮ ನೆನಪಾದರು. ಗರ್ಭಕೋಶ ತೆಗೆಸಿಕೊಂಡಾಗ ಅವರಿಗೆ 38. ಐವತ್ತು ದಾಟಿದ ಮೇಲೆ ಒಂದು ದಿನ ಬಚ್ಚಲಲ್ಲಿ ಜಾರಿದರು. ಮಣಿಕಟ್ಟು ಮುರಿಯಿತು. ಮೂಳೆ ಡಾಕ್ಟರು ಮೊದಲು ಕೇಳಿದ್ದೇ "ಆಗ ಅಂಡಾಶಯ ತೆಗೆದಿದ್ದರಾ?" ಎಂದು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟ್ರಂಕಿನ ತಳದಲ್ಲಿ ಪಹಣಿ ಜೊತೆ ಮಡಚಿಟ್ಟಿದ್ದ ಡಿಸ್ಚಾರ್ಜ್ ಕಾರ್ಡು ಸಿಕ್ಕಿತು. ಮಡಿಕೆಯಲ್ಲಿ ಹರಿದಿತ್ತು, ಆದರೆ ಅಕ್ಷರ ಕಾಣುತ್ತಿತ್ತು: ಟಿಎಎಚ್, ಬಿಎಸ್‌ಒ. ಮೊದಲನೆಯದು ಹೊಟ್ಟೆಯ ಮೂಲಕ ಗರ್ಭಕೋಶ ಪೂರ್ತಿ ತೆಗೆದದ್ದು. ಎರಡನೆಯದು ಎರಡೂ ಕಡೆಯ ಅಂಡನಾಳ, ಅಂಡಾಶಯ ತೆಗೆದದ್ದು. ಅಷ್ಟು ವರ್ಷ ರಾತ್ರಿ ಮೈ ಕಾದು, ಬೆವರಿ, ಸೆರಗಿನಲ್ಲಿ ಗಾಳಿ ಬೀಸಿಕೊಂಡು ಕೂರುತ್ತಿದ್ದದ್ದು ಯಾಕೆ ಅಂತ ದೊಡ್ಡಮ್ಮನಿಗೆ ಆವತ್ತು ಗೊತ್ತಾಯಿತು. ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಓದಿ, ತಿಳಿದವರನ್ನು ಕೇಳಿ ಬರೆದಿದ್ದೇನೆ.

ಮೊದಲು ಹೊಟ್ಟೆ ಕೊಯ್ಯುವ ಮಾತು. ಗರ್ಭಕೋಶ ಚಿಕ್ಕದಿದ್ದರೆ ಯೋನಿಯ ಮೂಲಕವೇ ತೆಗೆಯಬಹುದು. ಅದರಲ್ಲಿ ಚೇತರಿಕೆ ಬೇಗ. ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೊಸ್ಕೋಪಿಯೂ ಇದೆ. ಆದರೆ ದೊಡ್ಡ ಗಡ್ಡೆಯನ್ನು ಸಣ್ಣ ತೂತಿನಿಂದ ಹೊರತರಲು ಒಳಗೇ ಚೂರು ಮಾಡಬೇಕಾಗುತ್ತದೆ. ಗಡ್ಡೆಯಲ್ಲಿ ಗೊತ್ತಾಗದ ಹಾಗೆ ಕ್ಯಾನ್ಸರ್ ಇದ್ದರೆ ಅದು ಹೊಟ್ಟೆಯೊಳಗೆ ಚದುರಬಹುದು. ಚೂರು ಮಾಡುವ ಯಂತ್ರದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಕೆ ಕೊಟ್ಟಿದ್ದು ಇದಕ್ಕೇ. ಹಿಂದಿನ ಸಿಸೇರಿಯನ್‌ನಿಂದ ಒಳಗೆಲ್ಲ ಅಂಟಿಕೊಂಡಿದ್ದರೂ ಹೊಟ್ಟೆ ತೆರೆಯುವುದೇ ಸಲೀಸು ಅನ್ನುವ ವೈದ್ಯರಿದ್ದಾರೆ. ಹಾಗಾಗಿ ನಿಮ್ಮ ಡಾಕ್ಟರು ಹಳೇ ಕಾಲದವರು ಅಂದುಕೊಳ್ಳಬೇಡಿ.

ಗಾಯವೂ ನೀವು ಹೆದರಿದಷ್ಟಿಲ್ಲ. ಸಾಮಾನ್ಯವಾಗಿ ಕಿಬ್ಬೊಟ್ಟೆಯ ಕೆಳಗೆ ಅಡ್ಡಕ್ಕೆ ಕೊಯ್ಯುತ್ತಾರೆ. ಸಿಸೇರಿಯನ್ ಆದವರಿಗೆ ಇರುತ್ತದಲ್ಲ, ಅದೇ ಗೆರೆ. ಜರ್ಮನಿಯ ಫಾನೆನ್‌ಸ್ಟೀಲ್ ಎಂಬ ವೈದ್ಯರು 1900ರಲ್ಲಿ ಇದನ್ನು ವಿವರಿಸಿದರು. ಚರ್ಮ, ಕೊಬ್ಬು, ಗಟ್ಟಿ ಪೊರೆ ಕೊಯ್ದ ಮೇಲೆ ಹೊಟ್ಟೆಯ ಸ್ನಾಯುವನ್ನು ಕತ್ತರಿಸುವುದಿಲ್ಲ, ನಡುವೆ ಎರಡು ಕಡೆಗೆ ಸರಿಸುತ್ತಾರೆ. ಗರ್ಭಕೋಶ ತೀರಾ ದೊಡ್ಡದಿದ್ದರೆ, ಕ್ಯಾನ್ಸರ್ ಅನುಮಾನವಿದ್ದರೆ ಹೊಕ್ಕಳ ಕೆಳಗೆ ಉದ್ದಕ್ಕೆ ಕೊಯ್ಯುತ್ತಾರೆ.

ಆಮೇಲಿನ ಕೆಲಸ ಕಟ್ಟುವುದು, ಕತ್ತರಿಸುವುದು. ಗರ್ಭಕೋಶವನ್ನು ಎರಡು ಕಡೆ ಹಿಡಿದಿರುವ ತಂತುಗಳನ್ನು ಒಂದೊಂದಾಗಿ ಇಕ್ಕಳದಂಥ ಕ್ಲಾಂಪ್ ಹಾಕಿ ಬಿಡಿಸುತ್ತಾರೆ. ಮುಂದೆ ಅಂಟಿಕೊಂಡ ಮೂತ್ರಕೋಶವನ್ನು ಮೆಲ್ಲಗೆ ಕೆಳಗೆ ಸರಿಸುತ್ತಾರೆ. ಇಲ್ಲಿಗೆ ಬಹಳ ನಾಜೂಕಾದ ಜಾಗ ಬರುತ್ತದೆ. ಗರ್ಭಕೋಶಕ್ಕೆ ರಕ್ತ ತರುವ ದೊಡ್ಡ ನಾಳದ ಅಡಿಯಲ್ಲೇ, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರ ಒಯ್ಯುವ ಮೂತ್ರನಾಳ ಹಾದುಹೋಗುತ್ತದೆ. ಹರಿಹರದ ಸೇತುವೆ ನೆನೆಸಿಕೊಳ್ಳಿ: ಮೇಲೆ ರಸ್ತೆ, ಕೆಳಗೆ ತುಂಗಭದ್ರೆ. ವೈದ್ಯ ವಿದ್ಯಾರ್ಥಿಗಳಿಗೆ ಹೇಳಿಕೊಡುವುದೂ ಹಾಗೇ, ಸೇತುವೆ ಕೆಳಗಿನ ನೀರು ಅಂತ. ಗರ್ಭಕೋಶದ ಕುತ್ತಿಗೆಯಿಂದ ಆ ಮೂತ್ರನಾಳ ಸುಮಾರು 1.5ರಿಂದ 2 ಸೆಂಟಿಮೀಟರ್ ದೂರ, ಅಷ್ಟೇ. ಮುಟ್ಟಿದರೆ ಹುಳುವಿನ ಹಾಗೆ ಮಿಸುಕುತ್ತದೆ. ಪಳಗಿದ ಕೈ ಅದನ್ನು ಗುರುತಿಸಿ, ಕ್ಲಾಂಪನ್ನು ಗರ್ಭಕೋಶಕ್ಕೆ ಒತ್ತಿ ಹಾಕುತ್ತದೆ. ಗಡ್ಡೆಯಿಂದ ಗರ್ಭಕೋಶ ಊದಿದ್ದರೆ ಈ ನಾಳದ ದಾರಿಯೂ ಆಚೀಚೆ ಆಗಿರಬಹುದು. ಕೊನೆಗೆ ಗರ್ಭಕೋಶ ಹೊರಬರುತ್ತದೆ, ಯೋನಿಯ ಮೇಲ್ತುದಿಗೆ ಹೊಲಿಗೆ ಬೀಳುತ್ತದೆ.

ಈಗ ಅಂಡಾಶಯ. ಸಂಬಂಧಿಕರ ಮಾತಿಗೆ ಒಪ್ಪಬೇಡಿ. ಗರ್ಭಕೋಶ ಹೋದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯ ಉಳಿದರೆ ಹಾರ್ಮೋನು ಬರುತ್ತಲೇ ಇರುತ್ತದೆ. 44ಕ್ಕೇ ಎರಡೂ ಅಂಡಾಶಯ ತೆಗೆದರೆ ಆ ಹಾರ್ಮೋನು ಒಂದೇ ದಿನಕ್ಕೆ ನಿಂತುಹೋಗುತ್ತದೆ. ಮೂಳೆ ಸವೆಯುವುದು, ಹೃದಯದ ತೊಂದರೆ, ಎರಡೂ ಬೇಗ ಬರುವ ಸಾಧ್ಯತೆ ಜಾಸ್ತಿ. ಅಂಡಾಶಯದಲ್ಲಿ ರೋಗವಿಲ್ಲ, ಮನೆತನದಲ್ಲಿ ಆ ಕ್ಯಾನ್ಸರ್ ಇಲ್ಲ ಅಂದರೆ ಸುಮ್ನೆ ಯಾಕೆ ತೆಗೆಸಬೇಕು? ಅಂಡನಾಳ ಮಾತ್ರ ತೆಗೆದು ಅಂಡಾಶಯ ಉಳಿಸಬಹುದಾ ಅಂತ ಕೇಳಿ. ಅಂಡಾಶಯದ ಕ್ಯಾನ್ಸರ್ ಎಷ್ಟೋ ಸಲ ಶುರುವಾಗುವುದು ಆ ನಾಳದ ತುದಿಯಲ್ಲೇ. ಗರ್ಭಕೋಶದ ಕುತ್ತಿಗೆ ಉಳಿಸ್ತೀರಾ ಅಂತಲೂ ಕೇಳಿ. ಉಳಿಸಿದರೆ ಆ ಕುತ್ತಿಗೆಯ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆ ಮುಂದೆಯೂ ಮಾಡಿಸುತ್ತಿರಬೇಕು.

ಇದಕ್ಕೂ ಮೊದಲು ಆಪರೇಷನ್ ಬೇಕೇ ಬೇಕಾ ಅಂತ ಗಟ್ಟಿಮಾಡಿಕೊಳ್ಳಿ. ರಕ್ತಸ್ರಾವಕ್ಕೆ ಮಾತ್ರೆಗಳಿವೆ, ಹಾರ್ಮೋನು ಇರುವ ಕಾಪರ್‌ಟಿಯಂಥ ಸಾಧನವಿದೆ, ಕೆಲವರಿಗೆ ಗಡ್ಡೆ ಮಾತ್ರ ತೆಗೆದರೂ ಸಾಕು. ಇಷ್ಟು ದೊಡ್ಡ ಗಡ್ಡೆಗೆ ಇವೆಲ್ಲ ಹೊಂದದೇ ಇರಬಹುದು, ಆದರೂ ಕೇಳಿ. ಗರ್ಭಕೋಶದ ಒಳಪದರದ ಪರೀಕ್ಷೆ ಆಗಿದೆಯಾ? ಹಿಮೋಗ್ಲೋಬಿನ್ ಎಷ್ಟಿದೆ? ಅನುಮಾನವಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬರಿಗೆ ತೋರಿಸಿ. ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದ ದೂರುಗಳು ಎಷ್ಟಿದ್ದವೆಂದರೆ, ಅದನ್ನು ತಡೆಯುವ ಕೇಂದ್ರದ ಮಾರ್ಗಸೂಚಿ ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ಆಪರೇಷನ್ ಆದ ಮಾರನೇ ದಿನವೇ ಎದ್ದು ನಾಲ್ಕು ಹೆಜ್ಜೆ ನಡೆಸುತ್ತಾರೆ. ನೋವು ಅಂತ ಬೇಡ ಅನ್ನಬಾರದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ. ಆರು ವಾರ ಕೊಡ ಎತ್ತುವುದು, ಅಡಿಕೆ ಮೂಟೆ ಎತ್ತುವುದು ಬೇಡ. ಮನೆಯವರು ಇದನ್ನು ಒಪ್ಪಿಕೊಳ್ಳಲೇಬೇಕು. ಜ್ವರ, ಪಕ್ಕೆ ನೋವು ಬಂದರೆ ತಡಮಾಡಬೇಡಿ. ಒಂದೆರಡು ವಾರದಲ್ಲಿ ಗೊತ್ತಿಲ್ಲದೆ ಮೂತ್ರ ಸೋರಿ ಬಟ್ಟೆ ಒದ್ದೆಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೂತ್ರಕೋಶಕ್ಕೋ ನಾಳಕ್ಕೋ ಪೆಟ್ಟಾಗಿರಬಹುದು, ಅದನ್ನು ಸರಿಮಾಡಲು ಬರುತ್ತದೆ. ನಾಚಿಕೆಯಿಂದ ತಿಂಗಳುಗಟ್ಟಲೆ ಬಟ್ಟೆ ಮಡಚಿಟ್ಟುಕೊಂಡು ಇದ್ದುಬಿಡುವವರಿದ್ದಾರೆ. ಅಕ್ಕನಿಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ.

ಮನೆಗೆ ಹೊರಡುವಾಗ ಡಿಸ್ಚಾರ್ಜ್ ಕಾರ್ಡಿನಲ್ಲಿ ಏನು ತೆಗೆದರು, ಏನು ಉಳಿಸಿದರು ಅಂತ ಬರೆಸಿಕೊಳ್ಳಿ. ಗಡ್ಡೆಯ ಬಯಾಪ್ಸಿ ವರದಿಯನ್ನೂ ಮರೆಯದೆ ತನ್ನಿ. ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಫೋನಿನಲ್ಲಿ ಫೋಟೊ ತೆಗೆದು, ಅಕ್ಕನ ಮಗಳಿಗೂ ಕಳಿಸಿಡಿ.