ಕಾಡಿಗೆ ಹೋದವರ ಕ್ರಿಸ್ಮಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಆಫ್ರಿಕಾದ ಕ್ಯಾಮರೂನ್ ಕಾಡಿನ ‘ಪಿಗ್ಮಿ’ ಜನರಲ್ಲಿ ಅನೇಕರು ಕ್ರೈಸ್ತರಾಗಿದ್ದಾರಂತೆ. ಆದರೂ ಕ್ರಿಸ್ಮಸ್ ಹೊತ್ತಿಗೆ ಊರು ಬಿಟ್ಟು ಕಾಡು ಸೇರುತ್ತಾರೆಂದು ಕೇಳಿದೆ. ನಂಬಿಕೆ ಅಷ್ಟಕ್ಕಷ್ಟೇ ಅನ್ನೋಣವೇ? — ಓದುಗರು, ಪುತ್ತೂರು

ಉತ್ತರ: ಮೊದಲು ಹೆಸರಿನ ಮಾತು. ‘ಪಿಗ್ಮಿ’ ಹೊರಗಿನವರು ಇಟ್ಟ ಹೆಸರು, ಗ್ರೀಕರ ಮೊಳದ ಅಳತೆಯಿಂದ ಹುಟ್ಟಿದ್ದು. ನೆರೆಯ ಕಾಂಗೊ ಗಣರಾಜ್ಯ 2011ರ ಕಾನೂನಿನಲ್ಲಿ ಈ ಪದವನ್ನೇ ನಿಷೇಧಿಸಿತು. ಆಗ್ನೇಯ ಕ್ಯಾಮರೂನ್‌ನ ಲೋಮಿಯೆ, ಯೋಕಡೂಮಾ, ಮೊಲೂಂಡು ಸುತ್ತಿನವರು ತಮ್ಮನ್ನು ಬಾಕಾ ಎಂದು ಕರೆದುಕೊಳ್ಳುತ್ತಾರೆ.

ಇನ್ನು ಕ್ರಿಸ್ಮಸ್. 1950–60ರ ದಶಕಗಳಿಂದ ಸರ್ಕಾರ ಒತ್ತಾಯಿಸಿ ಬಾಕಾಗಳನ್ನು ರಸ್ತೆ ಬದಿಗೆ ತಂದು ನೆಲೆಗೊಳಿಸಿತು. ಪ್ರಾರ್ಥನಾ ಮಂದಿರ, ಶಾಲೆ, ಬಾಳೆ–ಮರಗೆಣಸಿನ ತುಂಡು ಹೊಲ, ಕೂಲಿ ಸಿಗುವ ನೆರೆಯವರ ಕೋಕೋ ತೋಟ ಎಲ್ಲವೂ ಅಲ್ಲೇ. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಒಣಗಾಲ. ಹಳ್ಳ ಬತ್ತುತ್ತದೆ, ಕಾಡುಗೆಣಸು ಬಲಿತಿರುತ್ತದೆ. ಆಗ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಒಳಕಾಡಿನ ಬಿಡಾರಕ್ಕೆ ಹೊರಡುವ ರೂಢಿಗೆ ಮೊಲೊಂಗೊ ಎಂದು ಹೆಸರು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲ್ಲೇ ವಾಸ. ಹಬ್ಬ ಸರಿಯಾಗಿ ಸುಗ್ಗಿಯ ನಡುವೆ ಬಂದು ಕೂತಿದೆ. ಗದ್ದೆ ಕೊಯ್ಲಿನ ದಿನ ಜಾತ್ರೆ ಇಟ್ಟು ಜನ ಬರಲಿಲ್ಲ ಎಂದು ಕೊರಗಿದರೆ ಹೇಗೆ?

ಪ್ರಶ್ನೆ: ಆ ಕಾಲದಲ್ಲಿ ಹೆಂಗಸರು ಹಳ್ಳಕ್ಕೆ ಕಟ್ಟ ಹಾಕಿ ಮೀನು ಹಿಡಿಯುತ್ತಾರಂತೆ. ಹೇಗೆ? — ಓದುಗರು, ಸುಳ್ಯ

ಉತ್ತರ: ನಿಮ್ಮ ಕಡೆಯ ಮಣ್ಣಿನ ಕಟ್ಟ ಕಂಡವರಿಗೆ ಅರ್ಧ ಗೊತ್ತಿದ್ದಂತೆಯೇ, ಆದರೆ ಇಲ್ಲಿ ನೀರು ನಿಲ್ಲಿಸುವುದು ಅದನ್ನು ಬರಿದು ಮಾಡುವುದಕ್ಕೆ. ಸಣ್ಣ ತೊರೆಯ ಒಂದು ತುಂಡನ್ನು ಆರಿಸಿ ಮೇಲೊಂದು, ಕೆಳಗೊಂದು ಕಟ್ಟ ಹಾಕುತ್ತಾರೆ. ಅಡ್ಡಕ್ಕೆ ಮರದ ತುಂಡು, ಅದಕ್ಕೆ ಒತ್ತಾಗಿ ಕೋಲು, ಮೇಲೆ ಎಲೆ, ಆಮೇಲೆ ಕೆಸರು. ನಡುವಿನ ನೀರನ್ನು ಪಾತ್ರೆಯಲ್ಲೋ ಬೋಗುಣಿಯಲ್ಲೋ ಮೊಗೆದು ಕೆಳಗಿನ ಕಟ್ಟದ ಆಚೆ ಚೆಲ್ಲಬೇಕು. ಈಚೆ ಬಿದ್ದರೆ ಅದೇ ನೀರು ಮತ್ತೆ ಕಾಲಿಗೆ. ನೀರು ಕಾಲಿನ ಮೀನಖಂಡದ ಮಟ್ಟಕ್ಕೆ ಇಳಿದಾಗ ಮಕ್ಕಳೂ ಸೇರಿ ಕೆಸರಲ್ಲಿ, ಬೇರಿನ ಸಂದಿಯಲ್ಲಿ ಕೈಯಾಡಿಸಿ ಮುಗುಡಿನ ಜಾತಿಯ ಮೀನು, ಏಡಿ, ಸಿಗಡಿ ಹಿಡಿದು ಬುಟ್ಟಿಗೆ ಹಾಕುತ್ತಾರೆ.

ಕೆಡುವುದು ಎರಡು ಕಡೆ. ಒಂದು, ಕಟ್ಟ ದಡಕ್ಕೆ ಕೂಡುವ ಮೂಲೆ: ಏಡಿಬಿಲದಿಂದ ನೀರು ಜಿನುಗಿ ಮಣ್ಣು ಕೊಚ್ಚಿಹೋಗುತ್ತದೆ, ಅದಕ್ಕೆ ಒಬ್ಬರು ಎಲೆ–ಜೇಡಿ ಹಿಡಿದು ಅಲ್ಲೇ ಕಾವಲು ನಿಲ್ಲುವುದು ಒಳ್ಳೆಯದು. ಇನ್ನೊಂದು, ಮೇಲೆಲ್ಲೋ ಮಳೆ ಬಿದ್ದರೆ ಮೇಲ್ಕಟ್ಟ ತುಂಬಿ ಒಡೆದು ಅರ್ಧ ದಿನದ ದುಡಿಮೆ ನೀರುಪಾಲು.

ಅಂದ ಹಾಗೆ, ಕ್ಯಾಥೋಲಿಕರ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಫೆಬ್ರವರಿ–ಮಾರ್ಚ್‌ನಲ್ಲಿ ಶುರುವಾಗುತ್ತದೆ. ಶುಕ್ರವಾರಗಳಂದು ಮಾಂಸ ವರ್ಜ್ಯ, ಮೀನಿಗೆ ಅಡ್ಡಿಯಿಲ್ಲ. ತಪಸ್ಸುಕಾಲ ಬೇಗ ಬಂದ ವರ್ಷ ರೋಮಿನ ಪಂಚಾಂಗವೂ ಬಾಕಾ ಹೆಂಗಸರ ಬುಟ್ಟಿಯೂ ಒಂದಾಗುತ್ತವೆ.

ಪ್ರಶ್ನೆ: ಕಾಡಿನ ಊರುಗಳಲ್ಲಿ ಬಲಿಪೂಜೆಗೆ (ಇಗರ್ಜಿಯ ‘ಮಾಸ್’ ಆರಾಧನೆಗೆ) ರೊಟ್ಟಿ, ದ್ರಾಕ್ಷಾರಸ ಎಲ್ಲಿಂದ? ತಾಳೆಹೆಂಡ, ಮರಗೆಣಸು ಸಾಲದೇ? — ಓದುಗರು, ಮಡಿಕೇರಿ

ಉತ್ತರ: ಸಾಲದು. ಕ್ಯಾಥೋಲಿಕ್ ಸಭೆಯ 1983ರ ಕಾನೂನು ಸಂಹಿತೆಯ 924ನೇ ವಿಧಿ ಪ್ರಕಾರ ರೊಟ್ಟಿ ಗೋಧಿಯದೇ ಆಗಬೇಕು, ರಸ ದ್ರಾಕ್ಷಿಯದೇ, ಎರಡೂ ಕೆಟ್ಟಿರಬಾರದು. ಗೋಧಿಯಾಗಲಿ ದ್ರಾಕ್ಷಿಯಾಗಲಿ ಬೆಳೆಯದ ಕಾಡು ಅದು, ಎಲ್ಲವೂ ಹೊರಗಿಂದ ಬರಬೇಕು. ತೇವದ ಗಾಳಿಗೆ ತೆಳು ರೊಟ್ಟಿ ಮೊದಲು ಮೆತ್ತಗಾಗುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ ಬೇಕು, ಒಂದು ಭೇಟಿಗೆ ಬೇಕಾದಷ್ಟನ್ನೇ ಒಯ್ಯುವುದು ಜಾಣತನ. ಪಾದ್ರಿಗಳು ಬಾರದ ಭಾನುವಾರ ಉಪದೇಶಿ (ಪಾದ್ರಿಯಲ್ಲದ ಧರ್ಮಬೋಧಕ) ಬೈಬಲ್ ವಾಚನ, ಪ್ರಾರ್ಥನೆ ನಡೆಸಬಹುದು, ಬಲಿಪೂಜೆ ಅರ್ಪಿಸುವಂತಿಲ್ಲ.

ಪ್ರಶ್ನೆ: ದೇವರಿಗೆ ಅವರ ನುಡಿಯಲ್ಲಿ ಏನೆನ್ನುತ್ತಾರೆ? ಹಳೆಯ ದೈವಗಳ ಗತಿ? — ಓದುಗರು, ಬೆಂಗಳೂರು

ಉತ್ತರ: ಕೊಂಬಾ. ಬಾಕಾ ಕಥೆಗಳಲ್ಲಿ ಎಲ್ಲವನ್ನೂ ಸೃಷ್ಟಿಸಿದವನು ಅವನೇ, ಕ್ರೈಸ್ತ ಬೋಧಕರು ಅದೇ ಹೆಸರನ್ನು ಎತ್ತಿಕೊಂಡರು. ಅನುಕೂಲವೂ ಆಯಿತು, ತೊಡಕೂ ಆಯಿತು: ಕಥೆಯ ಕೊಂಬಾ ಲೋಕ ಮಾಡಿ ದೂರ ಸರಿದವನು, ಬೈಬಲಿನ ದೇವರು ದಿನವೂ ಮನುಷ್ಯರ ಗೊಡವೆಗೆ ಬರುವವನು. ಕಷ್ಟದ ಪ್ರಶ್ನೆ ಜೆಂಗಿಯದು. ಕಾಡಿನ ಈ ದೈವ ರಾಫಿಯಾ ನಾರಿನ ಉಡುಗೆಯಲ್ಲಿ ಬಿಡಾರಕ್ಕೆ ಬಂದು ಕುಣಿಯುತ್ತದೆ. ಗಂಡು ಹುಡುಗರಿಗೆ ದೀಕ್ಷೆ ಅದರ ಹೆಸರಲ್ಲೇ. ಹೆಂಗಸರು, ದೀಕ್ಷೆಯಾಗದವರು ದೂರ ನಿಲ್ಲಬೇಕು. ಕೆಲವು ಬೋಧಕರು ಅದನ್ನು ದೆವ್ವವೆಂದು ಬಿಡಿಸಲು ನೋಡಿದರು. ನಮ್ಮ ಅಭಿಪ್ರಾಯದಲ್ಲಿ ಅದು ಲೆಕ್ಕ ತಪ್ಪಿದ ಕೆಲಸ, ಏಕೆಂದರೆ ಆನೆಬೇಟೆಗೂ ಸಾವಿಗೂ ಗಂಡಸರ ಒಗ್ಗಟ್ಟಿಗೂ ಜೆಂಗಿಯ ನಂಟಿದೆ. ಅದನ್ನು ಕಿತ್ತರೆ ಆ ಜಾಗದಲ್ಲಿ ಭಾನುವಾರದ ಒಂದು ಗಂಟೆ ನಿಲ್ಲದು.

ಪ್ರಶ್ನೆ: ಬಾಕಾಗಳ ಎಲೆಮನೆ ಮಳೆಗೆ ಸೋರುವುದಿಲ್ಲವೇ? — ಓದುಗರು, ಸಾಗರ

ಉತ್ತರ: ಹೊಸದರಲ್ಲಿ ಇಲ್ಲ. ಮೊಂಗುಲು ಎನ್ನುವ ಈ ಗುಡಿಸಲು ಕಟ್ಟುವವರು ಹೆಂಗಸರು. ಬಳುಕುವ ಕೋಲುಗಳನ್ನು ವೃತ್ತಾಕಾರದಲ್ಲಿ ನೆಟ್ಟು, ಬಗ್ಗಿಸಿ ಹೆಣೆದು, ಅಗಲ ಎಲೆಯ ತೊಟ್ಟನ್ನು ಸೀಳಿ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಸಾಲು ಕೆಳಗಿನಿಂದ ಏರಬೇಕು, ಮಂಗಳೂರು ಹೆಂಚಿನಂತೆ ಮೇಲಿನದು ಕೆಳಗಿನದನ್ನು ಮುಚ್ಚಬೇಕು. ಎಲೆ ಒಣಗಿ ಮುರುಟಿದಾಗ ಸೋರಲು ಶುರು. ಆಗ ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸ ಎಲೆ ಸಿಕ್ಕಿಸುತ್ತಾರೆ.