ಚಕ್ರ ಬೇರೆ, ಅರಿಹಂತ್ ಬೇರೆ: ಮರ ಕೊಯ್ಯುವ ಮೊದಲು ಇದನ್ನೊಮ್ಮೆ ಓದಿ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ತೋಟದಲ್ಲಿ ಆಳುಗಳು ಇದ್ದಿದ್ದರಿಂದ ಕೂತು ಬರೆಯೋಕೆ ಈಗ ಸಮಯ ಸಿಕ್ಕಿತು. ಮಗಳ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅಣುಶಕ್ತಿಯ ಸಬ್‌ಮೆರೀನ್ ಮಾದರಿ ಮಾಡಬೇಕು, ಅರಿಹಂತ್ ಮಾಡೋದಾ ಚಕ್ರ ಮಾಡೋದಾ, ಎರಡೂ ಒಂದೇ ಅಲ್ವಾ ಅಂತ ಕೇಳಿದ್ದೀರಿ. ಕೆಳಗೆ ಒಬ್ಬರು "ಅಣು ಸಬ್‌ಮೆರೀನ್ ಅಂದರೆ ಅಣುಬಾಂಬ್ ಇರೋದು, ಯಾವುದು ಮಾಡಿದರೂ ಒಂದೇ, ಕಪ್ಪು ಬಣ್ಣ ಹೊಡೆದರೆ ಆಯ್ತು" ಅಂತ ಬರೆದಿದ್ದಾರೆ. ಒಂದೇ ಅಲ್ಲ ಮಾರಾಯ್ರೆ. ಇದನ್ನು ತಪ್ಪು ತಿಳಿದುಕೊಂಡು ನಾನೇ ಒಮ್ಮೆ ಒಳ್ಳೆಯ ಮರ ಹಾಳು ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಬಾಂಬಿನ ಮಾತು. ಅಣು ಸಬ್‌ಮೆರೀನ್ ಅನ್ನುವಾಗ "ಅಣು" ಅನ್ನೋದು ಇಂಜಿನ್ನಿಗೆ ಸೇರಿದ್ದು, ಆಯುಧಕ್ಕಲ್ಲ. ಚಕ್ರವನ್ನೇ ನೋಡಿ. ರಷ್ಯಾದಿಂದ ಲೀಸಿಗೆ ತಂದು 2012ರಿಂದ 2021ರವರೆಗೆ ನಮ್ಮ ನೌಕಾಪಡೆ ಓಡಿಸಿದ ಹಡಗು ಅದು. ಒಳಗೆ ಓಡುತ್ತಿದ್ದದ್ದು ಅಣು ರಿಯಾಕ್ಟರ್, ಆದರೆ ಅಣ್ವಸ್ತ್ರ ಒಂದೂ ಇರಲಿಲ್ಲ. ಟಾರ್ಪಿಡೊ (ನೀರಿನೊಳಗೇ ಓಡಿ ಹೋಗಿ ಸಿಡಿಯುವ ಆಯುಧ) ಮತ್ತು ಮಾಮೂಲಿ ಕ್ಷಿಪಣಿ ಅಷ್ಟೇ. ಇದರ ತಿರುವುಮುರುವೂ ಇದೆ. ಸೋವಿಯತ್ ರಷ್ಯಾದವರ ಹತ್ತಿರ ಗಾಲ್ಫ್ ಅನ್ನುವ ವರ್ಗದ ಸಬ್‌ಮೆರೀನ್‌ಗಳಿದ್ದವು. ಇಂಜಿನ್ ಬರೀ ಡೀಸೆಲ್, ಆದರೆ ಮೂರು ಅಣು ಕ್ಷಿಪಣಿ ಹೊತ್ತು ತಿರುಗುತ್ತಿದ್ದವು. ಅದರಲ್ಲಿ ಕೆ-129 ಅನ್ನೋದು 1968ರಲ್ಲಿ ಪೆಸಿಫಿಕ್ ಸಾಗರದಲ್ಲಿ ಮುಳುಗಿಹೋಯಿತು. ಹಾಗಾಗಿ ಇಂಜಿನ್ ಒಂದು ಪ್ರಶ್ನೆ, ಆಯುಧ ಇನ್ನೊಂದು ಪ್ರಶ್ನೆ. ಮಗಳಿಗೆ ಇದೊಂದು ಗಟ್ಟಿಯಾಗಿ ತಲೆಗೆ ಹೋದರೆ ಪ್ರದರ್ಶನಕ್ಕೆ ಬಂದವರು ಏನು ಕೇಳಿದರೂ ಅವಳು ಹೆದರಬೇಕಿಲ್ಲ.

ಇಂಜಿನ್ ಕೆಲಸ ಮಾಡುವ ರೀತಿ ನಮ್ಮ ಕಡೆಯವರಿಗೆ ಅರ್ಥ ಮಾಡಿಸೋದು ಸುಲಭ. ಶರಾವತಿಯ ನೀರು ಮೇಲಿಂದ ಬಿದ್ದು ಟರ್ಬೈನ್ ತಿರುಗಿಸುತ್ತದೆ ಅಲ್ವಾ, ಇಲ್ಲಿ ನೀರಿನ ಬದಲು ಹಬೆ ತಿರುಗಿಸುತ್ತದೆ. ಯುರೇನಿಯಂ ಒಡೆದಾಗ ಬರುವ ಶಾಖ ಒಂದು ಸುತ್ತಿನ ನೀರನ್ನು ಕಾಯಿಸುತ್ತದೆ. ಆ ನೀರು ಕುಕ್ಕರಿನ ಹಾಗೆ ಒತ್ತಡದಲ್ಲಿ ಇರುವುದರಿಂದ ಎಷ್ಟು ಕಾದರೂ ಕುದಿಯಲ್ಲ. ಅದು ಇನ್ನೊಂದು ಸುತ್ತಿನ ನೀರಿಗೆ ಶಾಖ ಕೊಡುತ್ತದೆ, ಎರಡನೆಯದು ಹಬೆಯಾಗುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಬೆಣ್ಣೆ ಕರಗಿಸುತ್ತೀವಲ್ಲ, ಅದೇ ಲೆಕ್ಕ. ಎರಡು ನೀರೂ ಒಂದಕ್ಕೊಂದು ಸೇರುವುದೇ ಇಲ್ಲ, ಅದಕ್ಕೇ ರಿಯಾಕ್ಟರಿನ ವಿಕಿರಣ ಟರ್ಬೈನ್ ಕಡೆಗೆ ಬರಲ್ಲ. ಅರಿಹಂತ್‌ನ ರಿಯಾಕ್ಟರ್ 83 ಮೆಗಾವ್ಯಾಟ್‌ನದು ಅಂತಾರೆ. ಅದು ಶಾಖದ ಲೆಕ್ಕ, ಶರಾವತಿಯ ಕರೆಂಟಿನ ಮೆಗಾವ್ಯಾಟ್ ಜೊತೆ ಹೋಲಿಸಬೇಡಿ.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು ಅಂದರೆ ಗಾಳಿಗೋಸ್ಕರ. ನಾನು ವಿಶಾಖಪಟ್ಟಣಕ್ಕೆ ಹೋದಾಗ ಬೀಚಿನಲ್ಲಿ ಮ್ಯೂಸಿಯಂ ಮಾಡಿ ಇಟ್ಟಿರುವ ಐಎನ್‌ಎಸ್ ಕುರ್ಸುರಾ ಒಳಗೆ ಹೋಗಿದ್ದೆ. 1969ರಲ್ಲಿ ಸೇರಿ 2001ರವರೆಗೆ ಓಡಿದ ಡೀಸೆಲ್ ಸಬ್‌ಮೆರೀನ್ ಅದು, 91 ಮೀಟರ್ ಉದ್ದ. ಒಂದು ಭಾಗದಿಂದ ಇನ್ನೊಂದಕ್ಕೆ ದಾಟಬೇಕಾದರೆ ಬಾವಿಯ ರಿಂಗಿನಷ್ಟೇ ಇರುವ ದುಂಡು ಬಾಗಿಲಲ್ಲಿ ಮೊದಲು ಒಂದು ಕಾಲು ಹಾಕಿ, ತಲೆ ಬಗ್ಗಿಸಿ, ಆಮೇಲೆ ಇನ್ನೊಂದು ಕಾಲು ಎಳೆದುಕೊಳ್ಳಬೇಕು. ಎರಡೂ ಕಡೆ ಪೈಪು, ವಾಲ್ವಿನ ಚಕ್ರ, ಮೀಟರು. ಕೈ ಚಾಚಿದರೆ ಯಾವುದಕ್ಕಾದರೂ ತಾಗುತ್ತದೆ. ಅಷ್ಟರಲ್ಲೇ ಸುಮಾರು 75 ಜನ ಇರುತ್ತಿದ್ದರಂತೆ. ಡೀಸೆಲ್ ಇಂಜಿನ್ ಉರಿಯೋಕೆ ಗಾಳಿ ಬೇಕು. ಆದ್ದರಿಂದ ನೀರಿನೊಳಗೆ ಬ್ಯಾಟರಿಯಲ್ಲಿ ಓಡಬೇಕು, ಬ್ಯಾಟರಿ ಇಳಿದ ಮೇಲೆ ಮೇಲೆ ಬಂದು ಕೊಳವೆ ಚಾಚಿ ಗಾಳಿ ಎಳೆದುಕೊಂಡು ಚಾರ್ಜ್ ಮಾಡಬೇಕು. ಸಿಕ್ಕಿಬೀಳೋದು ಆಗಲೇ. ಅಣು ರಿಯಾಕ್ಟರಿಗೆ ಗಾಳಿ ಬೇಡ. ಅದರ ಕರೆಂಟಿನಿಂದಲೇ ನೀರನ್ನು ಒಡೆದು ಉಸಿರಾಟಕ್ಕೆ ಆಮ್ಲಜನಕ ತೆಗೆಯುತ್ತಾರೆ, ಸಮುದ್ರದ ನೀರಿನಿಂದ ಕುಡಿಯುವ ನೀರೂ ಮಾಡಿಕೊಳ್ಳುತ್ತಾರೆ. ಮುಗಿಯೋದು ಊಟದ ಸಾಮಾನು ಮಾತ್ರ. ಅದು ಮುಗಿಯುವವರೆಗೆ, ಅಂದರೆ ತಿಂಗಳುಗಟ್ಟಲೆ, ಒಳಗೇ ಇರಬಹುದು. ಮೊದಲ ಅಣು ಸಬ್‌ಮೆರೀನ್ ಅಮೆರಿಕದ ನಾಟಿಲಸ್. 1955ರ ಜನವರಿಯಲ್ಲಿ ಅಣುಶಕ್ತಿಯಿಂದ ಹೊರಟಿತು, 1958ರ ಆಗಸ್ಟಿನಲ್ಲಿ ಉತ್ತರ ಧ್ರುವದ ಮಂಜುಗಡ್ಡೆಯ ಅಡಿಯಲ್ಲೇ ದಾಟಿಹೋಯಿತು. ಮೇಲೆ ಬಂದು ಉಸಿರು ತೆಗೆದುಕೊಳ್ಳೋಕೆ ಜಾಗವೇ ಇಲ್ಲದ ಕಡೆ ಡೀಸೆಲ್ ಹಡಗು ಹಾಗೆ ಹೋಗಲಾರದು.

ಈಗ ನಿಮ್ಮ ಅಸಲು ಪ್ರಶ್ನೆ. ಅಣು ಸಬ್‌ಮೆರೀನ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಹೆಸರಿನ ಅಕ್ಷರ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಕೆಲಸ ನೋಡಿ. ಕೆಲಸ ಗೊತ್ತಾದರೆ ಆಕಾರ ತಾನೇ ಗೊತ್ತಾಗುತ್ತದೆ.

ಎಸ್‌ಎಸ್‌ಎನ್ ಅನ್ನೋದು ಬೇಟೆಗಾರ. ವೈರಿಯ ಹಡಗು, ವೈರಿಯ ಸಬ್‌ಮೆರೀನ್ ಹುಡುಕೋದು, ಸದ್ದಿಲ್ಲದೆ ಹಿಂಬಾಲಿಸೋದು, ಯುದ್ಧ ಬಂದರೆ ಹೊಡೆಯೋದು, ತನ್ನ ಕಡೆಯ ದೊಡ್ಡ ಹಡಗುಗಳಿಗೆ ಕಾವಲು ಹೋಗೋದು, ಕರಾವಳಿ ಹತ್ತಿರ ಹೋಗಿ ಕದ್ದು ಕೇಳೋದು, ಎಲ್ಲ ಇದರ ಕೆಲಸ. ವೇಗ ಬೇಕು, ಆದ್ದರಿಂದ ಮೈ ನುಣುಪು, ಬೆನ್ನು ಸಪಾಟು. 1982ರ ಫಾಕ್ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಕಾಂಕರರ್ ಅನ್ನುವ ಎಸ್‌ಎಸ್‌ಎನ್ ಅರ್ಜೆಂಟೀನಾದ ಜನರಲ್ ಬೆಲ್ಗ್ರಾನೊ ಹಡಗನ್ನು ಮುಳುಗಿಸಿತು. 323 ಜನ ಸತ್ತರು. ಹೊಡೆದದ್ದು ಎರಡನೇ ಮಹಾಯುದ್ಧದ ಕಾಲದ ನಮೂನೆಯ ಮಾಮೂಲಿ ಟಾರ್ಪಿಡೊದಲ್ಲಿ. ಆಮೇಲೆ ಅರ್ಜೆಂಟೀನಾದ ದೊಡ್ಡ ಹಡಗುಗಳು ತಮ್ಮ ಕರಾವಳಿ ಬಿಟ್ಟು ಬರಲೇ ಇಲ್ಲ. ಒಂದು ಸಬ್‌ಮೆರೀನ್ ಎಲ್ಲೋ ಇದೆ ಅನ್ನುವ ಭಯಕ್ಕೇ ಇಡೀ ನೌಕಾಪಡೆ ಹಿಂದೆ ಸರಿಯಿತು. ನೀವು ಹೇಳಿದ ಚಕ್ರ, ಅಂದರೆ 2012ರದ್ದು, ಈ ಜಾತಿ. ರಷ್ಯಾದ ಅಕುಲಾ ವರ್ಗ. ಗುರುತು ಹಿಡಿಯೋದು ಬಹಳ ಸುಲಭ, ಹಿಂದಿನ ನೆಟ್ಟಗಿನ ರೆಕ್ಕೆಯ ತುದಿಯಲ್ಲಿ ದೊಡ್ಡ ಹನಿಯ ಆಕಾರದ ಒಂದು ಗುಂಡು ಇರುತ್ತದೆ. ಅದರೊಳಗಿಂದ ಉದ್ದನೆಯ ಸೋನಾರ್ ಕೇಬಲ್ ಬಿಟ್ಟು ಹಿಂದೆ ಎಳೆದುಕೊಂಡು ಹೋಗುತ್ತಾರೆ, ದೂರದ ಸದ್ದು ಕೇಳೋಕೆ. ಸೋನಾರ್ ಅಂದರೆ ಬಹುತೇಕ ಕಿವಿಯ ಕೆಲಸವೇ. ರಾತ್ರಿ ಘಾಟಿ ಹತ್ತುವ ಜೀಪಿನ ಸದ್ದು ಕೇಳಿ ಇದು ಇಂಥವರ ಜೀಪು, ಗೇರ್ ಬದಲಿಸಿದ ಅಂತ ನಾವು ಜಗಲಿಯಲ್ಲಿ ಕೂತೇ ಹೇಳ್ತೀವಲ್ಲ, ಅವರೂ ಪ್ರೊಪೆಲರ್ ಸದ್ದಿನಿಂದ ಯಾವ ಹಡಗು ಅಂತ ಹೇಳುತ್ತಾರೆ.

ಎಸ್‌ಎಸ್‌ಬಿಎನ್ ಪೂರ್ತಿ ಬೇರೆ. ಇದು ಬೇಟೆಗೆ ಹೋಗಲ್ಲ. ಅಡಗಿ ಕೂರೋದೇ ಇದರ ಕೆಲಸ. ನಿಧಾನವಾಗಿ, ಸದ್ದು ಮಾಡದೆ, ಯಾರ ದಾರಿಗೂ ಹೋಗದೆ ಸಮುದ್ರದಲ್ಲಿ ಎಲ್ಲೋ ಇರಬೇಕು. ದೇಶದ ಮೇಲೆ ಯಾರಾದರೂ ಅಣುದಾಳಿ ಮಾಡಿ ನೆಲದ ಮೇಲಿನದೆಲ್ಲ ಹೋದರೂ ಇದು ಉಳಿದಿರುತ್ತದೆ, ತಾನು ಹೊತ್ತ ಅಣು ಕ್ಷಿಪಣಿಗಳಿಂದ ತಿರುಗಿ ಹೊಡೆಯುತ್ತದೆ. ಅದು ಗೊತ್ತಿದ್ದರೆ ಯಾರೂ ಮೊದಲು ಹೊಡೆಯೋಕೆ ಬರಲ್ಲ ಅನ್ನೋದು ಲೆಕ್ಕ. ನಮ್ಮ ದೇಶದ ನೀತಿಯೇ ಮೊದಲು ಅಣ್ವಸ್ತ್ರ ಬಳಸಲ್ಲ ಅನ್ನೋದು, ಹಾಗಿರುವಾಗ ಮೊದಲ ಏಟು ತಿಂದ ಮೇಲೂ ಉಳಿಯುವ ಹಡಗು ನಮಗೆ ಎಷ್ಟು ಮುಖ್ಯ ಯೋಚಿಸಿ. ಬ್ರಿಟನ್ನಿನವರು 1969ರಿಂದ ಒಂದಲ್ಲ ಒಂದು ಇಂಥ ಸಬ್‌ಮೆರೀನ್ ಸಮುದ್ರದಲ್ಲಿ ಇರುವ ಹಾಗೆ ನೋಡಿಕೊಂಡಿದ್ದಾರೆ. ಅಲ್ಲಿ ಪ್ರಧಾನಿಯಾದವರು ಕೈಬರಹದಲ್ಲೇ ಒಂದು ಪತ್ರ ಬರೆದು ಪ್ರತಿ ಸಬ್‌ಮೆರೀನಿನ ತಿಜೋರಿಯಲ್ಲಿ ಇಡಿಸಬೇಕು. ದೇಶವೇ ನಾಶವಾದರೆ ಏನು ಮಾಡಬೇಕು ಅಂತ ಅದರಲ್ಲಿ ಇರುತ್ತದೆ. ಪ್ರಧಾನಿ ಬದಲಾದರೆ ಆ ಪತ್ರ ಓದದೆಯೇ ನಾಶ ಮಾಡುತ್ತಾರೆ. ಮೊದಲ ಸಲ ಇದನ್ನು ತಿಳಿದ ದಿನ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಅರಿಹಂತ್ ಈ ಜಾತಿ. 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿಯಿತು, 2016ರಲ್ಲಿ ನೌಕಾಪಡೆಗೆ ಸೇರಿತು, ಮೊದಲ ಗಸ್ತು ಮುಗಿಸಿ ಬಂದದ್ದನ್ನು 2018ರ ನವೆಂಬರಿನಲ್ಲಿ ಹೇಳಿದರು. ಎರಡನೆಯದು ಅರಿಘಾತ್, 2024ರ ಆಗಸ್ಟಿನಲ್ಲಿ ಸೇರಿತು. ಅರಿಹಂತ್‌ನಲ್ಲಿ ನೆಟ್ಟಗೆ ನಿಲ್ಲಿಸಿದ ನಾಲ್ಕು ಕ್ಷಿಪಣಿ ಕೊಳವೆಗಳಿವೆ. ಒಂದೊಂದರಲ್ಲಿ 750 ಕಿಲೋಮೀಟರ್ ಹೋಗುವ ಕೆ-15 ಮೂರು ಹಿಡಿಸುತ್ತವೆ, ಇಲ್ಲವೇ 3500 ಕಿಲೋಮೀಟರ್ ಹೋಗುವ ಕೆ-4 ಒಂದು. ಆ ಕೊಳವೆ ಮೈಯ ದಪ್ಪಕ್ಕಿಂತ ಎತ್ತರ. ಹಾಗಾಗಿ ನಡುವಿನ ಗೋಪುರದ ಹಿಂದೆ ಬೆನ್ನು ಉಬ್ಬಿರುತ್ತದೆ. ಮಾದರಿ ಮಾಡುವವರಿಗೆ ಅದೇ ಮುಖ್ಯ. ಉಬ್ಬು ಇಲ್ಲದಿದ್ದರೆ ಅದು ಅರಿಹಂತ್ ಅಲ್ಲ. ನಾನು ಮೊದಲು ಮಾಡಿದ್ದರಲ್ಲಿ ಬೆನ್ನನ್ನು ಚೆಂದಕ್ಕೆ ಅಂತ ನುಣ್ಣಗೆ ಉಜ್ಜಿಬಿಟ್ಟೆ, ಮುಗಿದ ಮೇಲೆ ನೋಡಿದರೆ ಚಕ್ರವೂ ಅಲ್ಲ ಅರಿಹಂತೂ ಅಲ್ಲ. ಮತ್ತೆ ಮೇಲೆ ಮರ ಅಂಟಿಸಿದರೆ ಮಳೆಗಾಲದಲ್ಲಿ ಆ ಜೋಡಣೆ ಬಿಟ್ಟುಕೊಂಡಿತು.

ದೊಡ್ಡವು ಹೇಗಿರುತ್ತವೆ ಅಂದರೆ, ಅಮೆರಿಕದ ಒಹಾಯೊ ವರ್ಗ 170 ಮೀಟರ್ ಉದ್ದ, 24 ಕೊಳವೆಯ ಲೆಕ್ಕದಲ್ಲಿ ಕಟ್ಟಿದ್ದು. ಒಂದೊಂದಕ್ಕೂ ಇಬ್ಬಿಬ್ಬರು ಕ್ಯಾಪ್ಟನ್, ಎರಡೆರಡು ತಂಡ. ಒಂದು ತಂಡ ದಡಕ್ಕೆ ಬಂದರೆ ಇನ್ನೊಂದು ತಂಡ ಹಡಗು ತೆಗೆದುಕೊಂಡು ಹೊರಡುತ್ತದೆ, ಹಡಗು ಸುಮ್ನೆ ನಿಲ್ಲಬಾರದು ಅಂತ. ರಷ್ಯಾದ ಟೈಫೂನ್ 175 ಮೀಟರ್ ಉದ್ದ, 23 ಮೀಟರ್ ಅಗಲ. ತೂಕದ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸಬ್‌ಮೆರೀನ್ ಯಾರೂ ಕಟ್ಟಿಲ್ಲ.

ಮೂರನೆಯದು ಎಸ್‌ಎಸ್‌ಜಿಎನ್, ಕ್ರೂಸ್ ಕ್ಷಿಪಣಿಗಳ, ಅಂದರೆ ವಿಮಾನದ ಹಾಗೆ ಹಾರಿಕೊಂಡು ಹೋಗುವ ಕ್ಷಿಪಣಿಗಳ ಗಾಡಿ. ರಷ್ಯಾದ ಆಸ್ಕರ್ ವರ್ಗದಲ್ಲಿ ಎರಡೂ ಪಕ್ಕೆಗೆ ಹನ್ನೆರಡರಂತೆ 24 ದೊಡ್ಡ ಕ್ಷಿಪಣಿ, ಅಮೆರಿಕದ ವಿಮಾನವಾಹಕ ಹಡಗು ಹೊಡೆಯೋಕೆ ಅಂತಲೇ ಮಾಡಿದ್ದು. ಪಕ್ಕೆಯಲ್ಲಿ ತುಂಬಿದ್ದರಿಂದ ಮೈ ಅಗಲ. 2000ದ ಆಗಸ್ಟ್ 12ರಂದು ಮುಳುಗಿದ ಕುರ್ಸ್ಕ್ ಈ ವರ್ಗದ್ದು, 118 ಜನ ಹೋದರು. ಮುಳುಗಿಸಿದ್ದು ರಿಯಾಕ್ಟರ್ ಅಲ್ಲ, ಮುಂದಿನ ಟಾರ್ಪಿಡೊ ಸಿಡಿದದ್ದು. ಇದನ್ನೂ ಮಗಳಿಗೆ ಹೇಳಿ, ಖಂಡಿತ ಯಾರಾದರೂ ಕೇಳುತ್ತಾರೆ. ಅಮೆರಿಕದವರು ನಾಲ್ಕು ಒಹಾಯೊಗಳಿಂದ ಅಣು ಕ್ಷಿಪಣಿ ತೆಗೆದು ಈ ಜಾತಿಗೆ ಬದಲಿಸಿಕೊಂಡರು. 22 ಕೊಳವೆಗಳಲ್ಲಿ ಏಳೇಳರಂತೆ 154 ಟೊಮಾಹಾಕ್ ಕ್ರೂಸ್ ಕ್ಷಿಪಣಿ, ಉಳಿದ ಎರಡು ಕೊಳವೆ ಮುಳುಗುಗಾರ ಸೈನಿಕರು ಹೊರಗೆ ಹೋಗಿ ಬರೋಕೆ. ಇನ್ನೊಂದು ವಿಷಯ, ನಮ್ಮಲ್ಲಿ 1988ರಿಂದ 1991ರವರೆಗೆ ಇದ್ದ ಮೊದಲ ಚಕ್ರ ಇದೇ ಜಾತಿ, ಚಾರ್ಲಿ ವರ್ಗ. ಹೆಸರು ಒಂದೇ, ಹಡಗು ಬೇರೆ, ಜಾತಿಯೂ ಬೇರೆ. ಇಂಟರ್ನೆಟ್ಟಿನಲ್ಲಿ ಚಕ್ರ ಅಂತ ಹುಡುಕಿದರೆ ಎರಡರ ಚಿತ್ರವೂ ಕಲಸಿ ಬರುತ್ತವೆ, ವರ್ಷ ನೋಡಿಕೊಂಡು ತೆಗೆದುಕೊಳ್ಳಿ.

ಇವಲ್ಲದೆ ಸಂಶೋಧನೆಗೆ, ಸಮುದ್ರದ ತಳದ ಗುಟ್ಟಿನ ಕೆಲಸಕ್ಕೆ ಅಂತ ಕೆಲವು ಇವೆ. ಶಾಲೆಗೆ ಅದು ಬೇಡ.

ನನ್ನ ಸಲಹೆ ಕೇಳಿದರೆ ಅರಿಹಂತ್ ಒಂದನ್ನು ಮರದಲ್ಲಿ ಪೂರ್ತಿ ಕೆತ್ತಿ. ಉಳಿದವನ್ನು ಪಕ್ಕದಿಂದ ಕಂಡ ಹಾಗೆ ತೆಳು ಪ್ಲೈವುಡ್‌ನಲ್ಲಿ ಕೊಯ್ದು ಹಿಂದೆ ಸಾಲಾಗಿ ನಿಲ್ಲಿಸಿ. ಎಲ್ಲವೂ ಒಂದೇ ಅಳತೆಯಲ್ಲಿ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. 350ಕ್ಕೆ 1ರಂತೆ ಮಾಡಿದರೆ ಅರಿಹಂತ್ ಸುಮಾರು 32 ಸೆಂಟಿಮೀಟರ್, ಚಕ್ರವೂ ಹೆಚ್ಚುಕಮ್ಮಿ ಅಷ್ಟೇ, ಒಹಾಯೊ 49, ಟೈಫೂನ್ 50. ಪಕ್ಕದಲ್ಲಿ ನಮ್ಮ ಡೀಸೆಲ್ ಸಬ್‌ಮೆರೀನ್ ಕಲ್ವರಿ ಇಟ್ಟರೆ 19 ಸೆಂಟಿಮೀಟರ್ ಬರುತ್ತದೆ, ನೋಡಿದವರಿಗೆ ಆ ವ್ಯತ್ಯಾಸ ತಕ್ಷಣ ಕಾಣುತ್ತದೆ. ಕ್ಷಿಪಣಿ ಇರುವ ಜಾಗಕ್ಕೆ ಕೆಂಪು, ರಿಯಾಕ್ಟರ್ ಇರುವ ಜಾಗಕ್ಕೆ ಹಳದಿ ಬಳಿಯಿರಿ. ಹಳದಿ ಎಲ್ಲ ಅಣು ಹಡಗಿನಲ್ಲೂ ಇರುತ್ತದೆ, ಕಲ್ವರಿಯಲ್ಲಿ ಇರಲ್ಲ. ಕೆಂಪು ಜಾಗ ಒಂದೊಂದರಲ್ಲಿ ಒಂದೊಂದು ಕಡೆ. ಟೈಫೂನಿನಲ್ಲಂತೂ ಕ್ಷಿಪಣಿಗಳು ಗೋಪುರದ ಮುಂದೆ ಇರುತ್ತವೆ, ಹಿಂದೆ ಹಾಕಿಬಿಡಬೇಡಿ.

ಮರ ಸಿಲ್ವರ್ ಓಕ್ ಆದರೆ ಸಾಕು, ಕೆತ್ತೋಕೆ ಹಗುರ. ಆದರೆ ಹಸಿ ಮರ ಬೇಡವೇ ಬೇಡ. ಒಲೆ ಮೇಲಿನ ಅಟ್ಟದಲ್ಲಿ ಒಂದು ತಿಂಗಳಾದರೂ ಬಿದ್ದಿರಬೇಕು, ಈ ಥಂಡಿಗೆ ಹೊರಗೆ ಇಟ್ಟರೆ ಒಣಗಲ್ಲ. ಹಲಗೆಯನ್ನು ಉಬ್ಬಿನ ಎತ್ತರ ಸೇರಿಸಿಯೇ ಕೊಯ್ಯಿಸಿ, ಆಮೇಲೆ ಅಂಟಿಸೋದು ಬೇಡ. ಬಣ್ಣಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬ್ಲ್ಯಾಕ್‌ಬೋರ್ಡ್ ಪೇಂಟ್ ಹೊಡೆಯಿರಿ, ಹೊಳಪು ಇರಲ್ಲ. ಎರಡು ಕೋಟ್ ಒಣಗಿದ ಮೇಲೆ ಚೂಪು ಪೆನ್ಸಿಲ್‌ನಿಂದ ಸಣ್ಣ ಸಣ್ಣ ಚೌಕ ಎಳೆಯಿರಿ. ಕಪ್ಪಿನ ಮೇಲೆ ಸೀಸ ಸ್ವಲ್ಪ ಮಿಂಚುತ್ತದೆ, ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ. ಸಬ್‌ಮೆರೀನ್ ಮೈಗೆ ವೈರಿಯ ಸೋನಾರ್ ಬಿಡುವ ಸದ್ದು ಹೀರಿಕೊಳ್ಳೋಕೆ ಹಚ್ಚುವ ರಬ್ಬರ್ ಹಲಗೆಗಳ ಗೆರೆ ಥೇಟ್ ಹಾಗೇ ಕಾಣುತ್ತದೆ. ಉಬ್ಬಿನ ಮೇಲೆ ಕೊಳವೆಯ ದುಂಡು ಮುಚ್ಚಳ ನಾಲ್ಕು, ಒಂದರ ಹಿಂದೆ ಒಂದು.

ನನ್ನ ಹತ್ತಿರ ಹೋದ ವರ್ಷದ ಒಣಗಿದ ಸಿಲ್ವರ್ ಓಕ್ ತುಂಡು ಎರಡು ಇವೆ, ಒಂದೊಂದೂ ಒಂದೂವರೆ ಅಡಿ. ಶುಕ್ರವಾರ ಅಡಿಕೆ ತೆಗೆದುಕೊಂಡು ಶಿವಮೊಗ್ಗಕ್ಕೆ ಬರುತ್ತಿದ್ದೇನೆ. ಬೇಕಿದ್ದರೆ ಇಲ್ಲೇ ಹೇಳಿ, ಗಾಡಿಯಲ್ಲಿ ಹಾಕಿಕೊಂಡು ಬರುತ್ತೇನೆ.